ಫೀಡ್ ಕೊಳ್ಳುವ ಮೊದಲು 375 ಎಣಿಸಿ

ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇಯಲ್ಲಿ ವಹಿವಾಟು ಬೆಳಿಗ್ಗೆ 9:15ಕ್ಕೆ ಶುರುವಾಗಿ ಮಧ್ಯಾಹ್ನ 3:30ಕ್ಕೆ ಮುಗಿಯುತ್ತದೆ. ನಿಮಿಷಕ್ಕೊಂದು ಕ್ಯಾಂಡಲ್ (ಆ ಅವಧಿಯ ಬೆಲೆಯ ಏರಿಳಿತ ತೋರಿಸುವ ಚಾರ್ಟಿನ ಕಡ್ಡಿ) ಅಂದರೆ ದಿನಕ್ಕೆ 375. ಐದು ನಿಮಿಷದ್ದಾದರೆ 75, ಹದಿನೈದರದ್ದಾದರೆ 25. ಶಿರಸಿಯಲ್ಲಿ ಕೂತು ದಿನವಹಿ ಟ್ರೇಡಿಂಗ್ ಮಾಡುವ ನಾವು ಕೆಲವರು ಸೇರಿ ಡೇಟಾ ಫೀಡ್, ಅಂದರೆ ಷೇರುಪೇಟೆಯ ಬೆಲೆಗಳನ್ನು ಆಗಿಂದಾಗ್ಗೆ ನಮ್ಮ ಚಾರ್ಟಿಗೆ ತಲುಪಿಸುವ ಸೇವೆ, ಆರಿಸಲು ಹೊರಟಾಗ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಲೆಕ್ಕವೇ. ಮಾರುವವರು ವೇಗದ ಮಾತಾಡುತ್ತಾರೆ. ಘಟ್ಟದ ಮೇಲೆ ಕೂತವರು ಕೇಳಬೇಕಾದ ಪ್ರಶ್ನೆ ಬೇರೆ: ಇಂಟರ್‌ನೆಟ್ ಲೈನು ಕಡಿದು ಮತ್ತೆ ಬಂದಾಗ ನಡುವಿನ ತೂತನ್ನು ಇದು ತುಂಬುತ್ತದೆಯೇ, ತುಂಬಿದರೆ ಸರಿಯಾಗಿ ತುಂಬುತ್ತದೆಯೇ?

ಮೊದಲು ಇದು ಬೇಡದವರನ್ನು ಬಿಟ್ಟುಬಿಡೋಣ. ಕಾರವಾರದಲ್ಲಿ ಕಚೇರಿ ಕೆಲಸ ಮುಗಿಸಿ, ಸಂಜೆ ಚಾರ್ಟ್ ನೋಡಿ, ನಾಳೆಗೆ ಆರ್ಡರ್ ಹಾಕಿಡುವವರಿಗೆ ಲೈವ್ ಫೀಡಿನ ಖರ್ಚು ದಂಡ. ದಿನದ ಕ್ಯಾಂಡಲ್ ಸಾಕಾದವರಿಗೆ ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಸಂಜೆ ಬರುವ ಭಾವ್‌ಕಾಪಿ (ಎಲ್ಲ ಷೇರುಗಳ ಆ ದಿನದ ಬೆಲೆಯ ಫೈಲ್) ಪುಕ್ಕಟೆ ಸಿಗುತ್ತದೆ. ಅದನ್ನು ಚಾರ್ಟ್ ಸಾಫ್ಟ್‌ವೇರಿಗೆ ಹೊಂದಿಸಿ ಕೊಡುವ ಹಳೆಯ ಕನ್ವರ್ಟರ್ ನಿಮ್ಮಲ್ಲಿದ್ದರೆ ಅದು 2024ರ ಜುಲೈ ನಂತರ ಅಪ್‌ಡೇಟ್ ಆದದ್ದೋ ನೋಡಿ. ಆ ತಿಂಗಳಿನಿಂದ ಭಾವ್‌ಕಾಪಿಯ ಕಾಲಂಗಳ ರೂಪವೇ ಬದಲಾಗಿದೆ, ಹಳೆಯವು ಖಾಲಿ ಫೈಲ್ ಕೊಡುತ್ತವೆ ಅಥವಾ ತಪ್ಪು ಕಾಲಂ ಓದುತ್ತವೆ. ದಿನಕ್ಕೆ ಒಂದೆರಡು ಟ್ರೇಡ್ ಮಾತ್ರ ಮಾಡುವವರಿಗೆ ಬ್ರೋಕರ್ ಕೊಡುವ ಚಾರ್ಟೇ ಸಾಕು. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಷೇರುಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸಿನಲ್ಲಿ (ಮುಂದಿನ ದಿನದ ಬೆಲೆಯ ಮೇಲಿನ ಒಪ್ಪಂದಗಳಲ್ಲಿ) ಇಳಿದ ಬಿಡಿ ವ್ಯಾಪಾರಿಗಳಲ್ಲಿ ಶೇಕಡಾ 93 ಮಂದಿ ನಷ್ಟದಲ್ಲಿದ್ದರು. ಫೀಡಿನ ಬಾಡಿಗೆ ಆ ನಷ್ಟದ ಮೇಲೆ ಇನ್ನೊಂದು ಸಾಲು.

ಇಷ್ಟಾದ ಮೇಲೂ ಬೇಕು ಅನ್ನುವವರು ಲೈನಿನಿಂದ ಶುರು ಮಾಡಬೇಕು. ನಾವೂ ಫೀಡ್ ಕಂಪನಿಗಳಿಗೆ ಫೋನ್ ಮಾಡುವ ಮೊದಲು ಅದನ್ನೇ ನೋಡಿದ್ದು. ಎಷ್ಟು ಸ್ಪೀಡ್ ಬೇಕು ಅನ್ನುವುದು ಕೈಲೆಕ್ಕದಲ್ಲೇ ಸಿಗುತ್ತದೆ. ಬ್ರೋಕರ್ ಝೆರೋಧಾದ ಕೈಟ್ ಕನೆಕ್ಟ್ ಎಪಿಐಯಲ್ಲಿ (ನಮ್ಮ ಸಾಫ್ಟ್‌ವೇರ್ ಬ್ರೋಕರ್ ಸರ್ವರ್ ಜೊತೆ ನೇರ ಮಾತಾಡುವ ದಾರಿ) ಬರೀ ಕೊನೆಯ ಬೆಲೆ ಸಾಕೆಂದರೆ ಒಂದು ಷೇರಿಗೆ 8 ಬೈಟ್ ಬರುತ್ತದೆ, ಐದು ಹಂತದ ಬಿಡ್-ಆಫರ್ (ಕೊಳ್ಳುವವರು, ಮಾರುವವರು ಕೂಗುವ ಬೆಲೆ) ಸಮೇತ ಪೂರ್ತಿ ಬೇಕೆಂದರೆ 184 ಬೈಟ್. ನೂರು ಷೇರಿಗೆ ಸೆಕೆಂಡಿಗೆ ಎರಡು ಸಲ ಬಂತೆನ್ನಿ, ಸುಮಾರು 37 ಸಾವಿರ ಬೈಟ್, ಅಂದರೆ 300 ಕೆಬಿಪಿಎಸ್ ಆಸುಪಾಸು. 30 ಎಂಬಿಪಿಎಸ್ ಪ್ಲಾನಿನ ನೂರರಲ್ಲೊಂದು ಪಾಲು. ಫೀಡಿಗೋಸ್ಕರ 200 ಎಂಬಿಪಿಎಸ್ ಪ್ಲಾನಿಗೆ ಏರುವುದರಿಂದ ಏನೂ ಆಗುವುದಿಲ್ಲ.

ಕಾಡುವುದು ಪ್ಯಾಕೆಟ್, ಅಂದರೆ ಡೇಟಾದ ತುಣುಕು, ದಾರಿಯಲ್ಲಿ ಬಿಟ್ಟುಹೋಗುವುದು. ಅದನ್ನು ಹಿಡಿಯಲು ಸ್ಪೀಡ್ ಟೆಸ್ಟ್ ಪ್ರಯೋಜನವಿಲ್ಲ. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ಎರಡು ತೆರೆದು, ಒಂದರಲ್ಲಿ ಮನೆಯ ರೂಟರಿಗೆ, ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ (ಗೂಗಲ್ ಸರ್ವರಿನ ವಿಳಾಸ) ನಿಲ್ಲದೆ ಪಿಂಗ್, ಅಂದರೆ ಹೋಗಿ ಬರುವ ಪರೀಕ್ಷಾ ಪ್ಯಾಕೆಟ್, ಹಚ್ಚಿ, ಮಾರುಕಟ್ಟೆ ಮುಗಿಯುವವರೆಗೆ ಬಿಡಬೇಕು. ಕೊನೆಗೆ ಕಂಟ್ರೋಲ್-ಸಿ ಒತ್ತಿದರೆ ಎಷ್ಟು ಹೋಯಿತು, ಎಷ್ಟು ಬಂತು ಎಂಬ ಲೆಕ್ಕ ಬರುತ್ತದೆ. ಎರಡೂ ಕಿಟಕಿಯಲ್ಲಿ ನಷ್ಟ ಕಂಡರೆ ತಪ್ಪು ನಿಮ್ಮ ವೈಫೈಯದು. ಚಿರೇಕಲ್ಲಿನ ದಪ್ಪ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ವೈಫೈ ಸೊರಗಿಹೋಗುತ್ತದೆ. ರೂಟರಿನಿಂದ ಕಂಪ್ಯೂಟರಿಗೆ ಕ್ಯಾಟ್-6 ವೈರ್ ಎಳೆದುಬಿಡಿ. ಹೊರಗಿನ ಕಿಟಕಿಯಲ್ಲಿ ಮಾತ್ರ ನಷ್ಟವಿದ್ದರೆ ಫೈಬರ್ ಕಡೆಯದು.

ಫೈಬರಿನವರನ್ನು ಕರೆದರೆ ಬರುವ ಉತ್ತರ ಗೊತ್ತೇ ಇದೆ: "ಹಸಿರು ಲೈಟ್ ಉರಿತಾ ಇದ್ದಲ್ಲ, ಮತ್ತೆಂತ?" ಹಸಿರು ಲೈಟ್ ಉರಿಯುತ್ತಿದ್ದರೂ ಬೆಳಕಿನ ಬಲ ಕುಸಿದಿರಬಹುದು. ಮೋಡೆಮಿನ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಅಥವಾ ಆರ್‌ಎಕ್ಸ್ ಪವರ್ ಅಂತ ಒಂದು ಸಂಖ್ಯೆ ಇರುತ್ತದೆ, ಡಿಬಿಎಂ ಲೆಕ್ಕದಲ್ಲಿ. ಮೈನಸ್ 20ರ ಸುತ್ತ ಇದ್ದರೆ ಚೆನ್ನ. ಮೈನಸ್ 25 ದಾಟಿದರೆ ದೂರು ಕೊಡಿ, ಮೈನಸ್ 27ರ ಹತ್ತಿರ ಹೋದರೆ ಆಗಾಗ ಕಡಿತ ಖಾತ್ರಿ. ಬಿಸಿಲಿದ್ದ ದಿನ ಒಂದು ಸಲ, ಜಡಿಮಳೆಯ ದಿನ ಇನ್ನೊಂದು ಸಲ ಬರೆದಿಡಿ. ಎರಡರ ನಡುವೆ ಮೂರ್ನಾಲ್ಕು ಡಿಬಿ ವ್ಯತ್ಯಾಸ ಬಂದರೆ ಯಾವುದೋ ಜಾಯಿಂಟಿನಲ್ಲಿ ನೀರು ಇಳಿದಿದೆ, ಅಥವಾ ಮರದ ಕೊಂಬೆಯೋ ಮಂಗವೋ ವೈರನ್ನು ಮಡಿಚಿದೆ. ಸಂಖ್ಯೆ ಹಿಡಿದು ಮಾತಾಡಿದರೆ ಲೈನ್‌ಮ್ಯಾನ್ ಕಂಬ ಹತ್ತುತ್ತಾನೆ.

ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಬೇರೆ ಮುನ್ನೆಚ್ಚರಿಕೆ ಬೇಕು. ಫೈಬರಿನ ಗಾಜು ಕರೆಂಟು ಒಯ್ಯದಿದ್ದರೂ ಅದಕ್ಕೆ ಜೊತೆಯಾಗಿ ಬರುವ ಉಕ್ಕಿನ ತಂತಿ ಒಯ್ಯುತ್ತದೆ. ಆ ತಂತಿಯನ್ನು ಮನೆಯ ಹೊರಗೋಡೆಯಲ್ಲೇ ಕತ್ತರಿಸಿ, ಒಳಗೆ ಬರೀ ಫೈಬರ್ ಬರುವಂತೆ ಮಾಡಿಸಿ. ಕರೆಂಟಿನ ಲೆಕ್ಕವೂ ಇದೆ. 12 ವೋಲ್ಟ್ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇದ್ದರೂ ಇನ್ವರ್ಟರ್ ನುಂಗುವುದು, ಬ್ಯಾಟರಿಯನ್ನು ಪೂರ್ತಿ ಬಸಿಯಬಾರದು ಎಂಬುದು ಕಳೆದರೆ ಕೈಗೆ ಸಿಗುವುದು ಸಾವಿರದಷ್ಟು. ಡೆಸ್ಕ್‌ಟಾಪ್, ಮಾನಿಟರ್, ರೂಟರ್ ಸೇರಿ 160 ವ್ಯಾಟ್ ಹಿಡಿದರೆ ಆರು ಗಂಟೆ ಚಿಲ್ಲರೆ. ಬೆಳಿಗ್ಗೆಯಿಂದ ಕರೆಂಟಿಲ್ಲದ ದಿನ ಮಾರುಕಟ್ಟೆ ಮುಗಿಯುವುದಕ್ಕೆ ಸರಿಹೋಯಿತು. ಲ್ಯಾಪ್‌ಟಾಪ್ ಆದರೆ 50 ವ್ಯಾಟ್ ಸುತ್ತಮುತ್ತ, ನಿಶ್ಚಿಂತೆ. ಡೆಸ್ಕ್‌ಟಾಪ್ ಇಟ್ಟುಕೊಂಡವರು ಇನ್ವರ್ಟರಿನ ಸ್ವಿಚ್ಚನ್ನು ಯುಪಿಎಸ್ ಮೋಡಿನಲ್ಲಿ ಇಡದಿದ್ದರೆ ಕರೆಂಟು ಹೋದ ಕ್ಷಣ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಮೋಡೆಮಿಗೆ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಪ್ರತ್ಯೇಕ ಇರಲಿ. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ಆಂಪಿಯರ್ ಓದಿಕೊಂಡು ಹೋಗಿ.

ಮೊಬೈಲ್ ಡೇಟಾವನ್ನು ಎರಡನೇ ಲೈನಾಗಿ ಇಡುವುದು ಸರಿ, ಆದರೆ ಬೇರೆ ಕಂಪನಿಯ ಸಿಮ್ ಎಂದ ಮಾತ್ರಕ್ಕೆ ಬೇರೆ ದಾರಿ ಎಂದಲ್ಲ. ಘಟ್ಟದ ರಸ್ತೆ ಅಗಲ ಮಾಡುವಾಗ ಜೆಸಿಬಿ ಕಡಿಯುವ ಫೈಬರಿನಲ್ಲೇ ಟವರಿನ ಲೈನೂ ಹೋಗಿದ್ದರೆ ಎರಡೂ ಒಟ್ಟಿಗೆ ಸಾಯುತ್ತವೆ. ಮನೆಯ ಫೈಬರ್ ಕಡಿದ ದಿನ ಯಾವ ಸಿಮ್ ಬದುಕಿತ್ತು ಎಂದು ಗಮನಿಸಿ ಅದನ್ನೇ ಇಟ್ಟುಕೊಳ್ಳುವುದು ಜಾಣತನ.

ಈಗ ಫೀಡ್. ಎನ್‌ಎಸ್‌ಇ ತನ್ನ ಡೇಟಾವನ್ನು ಎನ್‌ಎಸ್‌ಇ ಡೇಟಾ ಆ್ಯಂಡ್ ಅನಾಲಿಟಿಕ್ಸ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತದೆ. ಲೆವೆಲ್ 1 ಅಂದರೆ ಕೊನೆಯ ಬೆಲೆ ಮತ್ತು ಒಂದೇ ಹಂತದ ಬಿಡ್-ಆಫರ್, ಲೆವೆಲ್ 2 ಅಂದರೆ ಐದು ಹಂತ, ಲೆವೆಲ್ 3 ಅಂದರೆ ಇಪ್ಪತ್ತು ಹಂತ. ಇವುಗಳ ಮೇಲೆ ಟಿಕ್-ಬೈ-ಟಿಕ್, ಪ್ರತಿ ಆರ್ಡರ್, ಪ್ರತಿ ವಹಿವಾಟು ಬಿಡದೆ ಬರುವಂಥದ್ದು. ಅದು ಮುಂಬೈಯಲ್ಲಿ ಎಕ್ಸ್‌ಚೇಂಜಿನ ಪಕ್ಕದಲ್ಲೇ ಸರ್ವರ್ ಇಟ್ಟವರ ಸರಕು. ಟ್ರೂಡೇಟಾ, ಗ್ಲೋಬಲ್ ಡೇಟಾಫೀಡ್ಸ್ ಥರದ ಅಧಿಕೃತ ಮಾರಾಟಗಾರರಿಂದ ನಮ್ಮಂಥವರಿಗೆ ಮನೆಯ ಇಂಟರ್‌ನೆಟ್ಟಿನಲ್ಲಿ ಬರುವುದು ಹೆಚ್ಚಾಗಿ ಸೆಕೆಂಡಿಗೊಂದರಂತೆ ತೆಗೆದ ಚಿತ್ರ, ಅಂದರೆ ಸ್ನ್ಯಾಪ್‌ಶಾಟ್. ಅದನ್ನೂ 'ಟಿಕ್' ಎಂದೇ ಮಾರುತ್ತಾರೆ. ಶಿರಸಿಯಿಂದ ಪಿಂಗ್ 30 ಮಿಲಿಸೆಕೆಂಡ್ ಬಂತೋ 50 ಬಂತೋ ಎಂಬ ಚರ್ಚೆ ಇದರ ಮುಂದೆ ವ್ಯರ್ಥ, ಚಿತ್ರ ಬರುವುದೇ 1,000 ಮಿಲಿಸೆಕೆಂಡಿಗೊಮ್ಮೆ.

ಆ ಒಂದು ಸೆಕೆಂಡಿನ ಪರಿಣಾಮ ಎಲ್ಲಿ ಕಾಣುತ್ತದೆ? ಆರ್ಡರ್ ಫ್ಲೋ ಚಾರ್ಟಿನಲ್ಲಿ. ಫುಟ್‌ಪ್ರಿಂಟ್, ಡೆಲ್ಟಾ ಎಂದು ಕರೆಯುವ ಲೆಕ್ಕ ಪ್ರತಿ ವಹಿವಾಟು ಬಿಡ್ ಬೆಲೆಗೆ ಆಯಿತೋ ಆಫರ್ ಬೆಲೆಗೆ ಆಯಿತೋ ಎಂಬುದರ ಮೇಲೆ ನಿಂತಿದೆ. ನಿಫ್ಟಿ ಫ್ಯೂಚರ್ಸಿನಲ್ಲಿ ಒಂದು ಸೆಕೆಂಡಿನೊಳಗೆ ಹಲವಾರು ವಹಿವಾಟು ಆಗಿಹೋಗಿರುತ್ತವೆ. ಸ್ನ್ಯಾಪ್‌ಶಾಟ್ ಫೀಡ್ ಅಷ್ಟನ್ನೂ ಒಂದೇ ಗಂಟು ಮಾಡಿ ಕೊನೆಯ ಬೆಲೆಯ ಪಕ್ಕಕ್ಕೆ ಹಾಕುತ್ತದೆ. ಬಣ್ಣ ಬಣ್ಣದ ಅಂಕಿ ಕಾಣುತ್ತದೆ, ಅದರಲ್ಲಿ ಅರ್ಧ ಊಹೆ. ಅಂಥ ಸಾಫ್ಟ್‌ವೇರಿಗೆ ದುಡ್ಡು ಹಾಕುವ ಮೊದಲು ಫೀಡ್ ಯಾವ ಬಗೆಯದು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಐದು ನಿಮಿಷದ ಕ್ಯಾಂಡಲ್ ನೋಡುವವರಿಗೆ ಮಾತ್ರ ಸೆಕೆಂಡಿನ ಚಿತ್ರ ಧಾರಾಳ ಸಾಕು.

ಅಡಿಕೆ ಚೀಲಕ್ಕೆ ಕೈ ಹಾಕಿ ನಾಲ್ಕು ಕಾಯಿ ಒಡೆದು ನೋಡದೆ ಟೆಂಡರ್ ಬರೆಯುವವರು ಶಿರಸಿ ಪೇಟೆಯಲ್ಲಿ ಸಿಗುವುದಿಲ್ಲ. ಫೀಡನ್ನೂ ಹಾಗೇ ನೋಡಿ ಕೊಳ್ಳಬೇಕು, ಟ್ರಯಲ್ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಟ್ರಯಲ್ಲಿನಲ್ಲಿ ನಾವು ಮಾಡಿದ ಮೊದಲ ಪರೀಕ್ಷೆ ಎಣಿಕೆ. ರಿಲಯನ್ಸ್, ಎಸ್‌ಬಿಐ ಥರ ಎಡೆಬಿಡದೆ ವಹಿವಾಟಾಗುವ ಷೇರು ತೆಗೆದುಕೊಂಡು ಒಂದು ದಿನದ ನಿಮಿಷದ ಕ್ಯಾಂಡಲ್‌ಗಳನ್ನು ಎಕ್ಸೆಲ್ಲಿಗೆ ಇಳಿಸಿ ಎಣಿಸುವುದು. 375ಕ್ಕಿಂತ ಕಡಿಮೆ ಇದ್ದರೆ ತೂತು. ಹೆಚ್ಚಿದ್ದರೆ ಪ್ರೀ-ಓಪನ್ ಅಥವಾ ಮುಕ್ತಾಯದ ನಂತರದ ಅವಧಿಯ ಕ್ಯಾಂಡಲ್ ಸೇರಿಕೊಂಡಿದೆ. ವಹಿವಾಟು ತೆಳುವಾದ ಷೇರಿನಲ್ಲಿ ಕಡಿಮೆ ಬರುವುದು ಸಹಜ, ಆ ನಿಮಿಷ ಯಾರೂ ಕೊಂಡಿರುವುದಿಲ್ಲ. ಅಂಥವನ್ನು ಪರೀಕ್ಷೆಗೆ ಇಟ್ಟುಕೊಳ್ಳಬೇಡಿ.

ನಂತರ ಮೊದಲ ಕ್ಯಾಂಡಲ್. ಬೆಳಿಗ್ಗೆ 9ರಿಂದ ನಡೆಯುವ ಪ್ರೀ-ಓಪನ್ ಹರಾಜಿನಲ್ಲಿ ಆರಂಭದ ಬೆಲೆ ನಿಕ್ಕಿಯಾಗುತ್ತದೆ. ಆ ವಹಿವಾಟಿನ ಬೆಲೆ ಮತ್ತು ವಾಲ್ಯೂಮನ್ನು (ಕೈಬದಲಾದ ಷೇರುಗಳ ಸಂಖ್ಯೆ) ಕೆಲವು ಫೀಡ್ 9:15ರ ಕ್ಯಾಂಡಲಿಗೆ ಸೇರಿಸುತ್ತವೆ, ಕೆಲವು 9:15ಕ್ಕೆ ಮೊದಲೇ ಪ್ರತ್ಯೇಕ ಕ್ಯಾಂಡಲ್ ತೋರಿಸುತ್ತವೆ, ಕೆಲವು ಬಿಟ್ಟೇಬಿಡುತ್ತವೆ. ಮೊದಲ ಹದಿನೈದು ನಿಮಿಷದ ಹೈ-ಲೋ (ಅತಿ ಹೆಚ್ಚಿನ, ಅತಿ ಕಡಿಮೆ ಬೆಲೆ) ಮುರಿದಾಗ ಟ್ರೇಡ್ ಹೊಡೆಯುವವರಿಗೆ ಮೂರು ಫೀಡಿನಲ್ಲಿ ಮೂರು ರೇಖೆ ಸಿಗುವುದು ಹೀಗೆ. ಸಮಯದ ಚೀಟಿಯೂ ನೋಡಬೇಕು: ಒಂದರಲ್ಲಿ ಕ್ಯಾಂಡಲಿಗೆ ಶುರುವಾದ ಸಮಯದ ಹೆಸರು, ಇನ್ನೊಂದರಲ್ಲಿ ಮುಗಿದ ಸಮಯದ ಹೆಸರು. ಎರಡನ್ನು ಹೋಲಿಸುವಾಗ ಒಂದು ನಿಮಿಷ ಜಾರಿರುತ್ತದೆ. ಅಮಿಬ್ರೋಕರ್ ಎಂಬ ಚಾರ್ಟ್ ಸಾಫ್ಟ್‌ವೇರಿನಲ್ಲಿ ಟೂಲ್ಸ್, ಪ್ರಿಫರೆನ್ಸಸ್, ಇಂಟ್ರಾಡೇ ಎಂಬಲ್ಲಿ ಇದನ್ನು ಬದಲಿಸಬಹುದು.

ಮೂರನೆಯದು ದಿನದ ಹೈ-ಲೋ-ವಾಲ್ಯೂಮನ್ನು ಸಂಜೆಯ ಭಾವ್‌ಕಾಪಿಯ ಜೊತೆ ಇಟ್ಟು ನೋಡುವುದು. ನಿಮಿಷದ ಕ್ಯಾಂಡಲ್‌ಗಳಿಂದ ಕಟ್ಟಿದ ಹೈ ಕೆಲವೊಮ್ಮೆ ಹತ್ತಿಪ್ಪತ್ತು ಪೈಸೆ ತಗ್ಗಿರುತ್ತದೆ, ಆ ಬೆಲೆ ಎರಡು ಚಿತ್ರಗಳ ನಡುವೆ ಬಂದುಹೋಗಿರುತ್ತದೆ. ಇದಕ್ಕೆ ಗಾಬರಿ ಬೇಡ. ಮುಕ್ತಾಯ ಬೆಲೆ ಹೊಂದದಿದ್ದರೂ ಫೀಡನ್ನು ಬೈಯಬೇಡಿ. ಎನ್‌ಎಸ್‌ಇಯಲ್ಲಿ ಕೊನೆಯ ಅರ್ಧ ಗಂಟೆಯ ವಹಿವಾಟಿನ ತೂಕದ ಸರಾಸರಿಯನ್ನು ಮುಕ್ತಾಯ ಬೆಲೆ ಎಂದು ಹಿಡಿಯುವ ಪದ್ಧತಿ ಬಹಳ ವರ್ಷದ್ದು, 3:29ರ ಕ್ಯಾಂಡಲಿನ ಕೊನೆಯ ಬೆಲೆ ಅದಲ್ಲ. ವಾಲ್ಯೂಮ್ ಶೇಕಡಾ ಒಂದೆರಡಕ್ಕಿಂತ ಜಾಸ್ತಿ ಕಡಿಮೆ ಬಂದರೆ ಆಗ ಕೇಳಬೇಕು.

ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ವೈರ್ ಕೀಳುವ ಪರೀಕ್ಷೆ. ಮಾರುಕಟ್ಟೆ ನಡೆಯುತ್ತಿರುವಾಗ, ಕೈಯಲ್ಲಿ ಯಾವ ಪೊಸಿಷನ್ನೂ (ಮುಗಿಸದೆ ಉಳಿದ ಟ್ರೇಡ್) ಇಲ್ಲದ ದಿನ, ಹನ್ನೊಂದು ಗಂಟೆಗೆ ನೆಟ್‌ವರ್ಕ್ ವೈರ್ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿ. ಫೀಡ್ ತಾನಾಗಿ ಮತ್ತೆ ಸೇರಿಕೊಂಡಿತೇ? ಕೆಲವು ಸೇವೆಗಳಲ್ಲಿ ಹಳೆಯ ಲಾಗಿನ್ ಇನ್ನೂ ಜೀವಂತ ಎಂದು ಸರ್ವರ್ ತಿಳಿದುಕೊಂಡಿರುತ್ತದೆ, 'ಈಗಾಗಲೇ ಲಾಗಿನ್ ಆಗಿದೆ' ಎಂದು ತಳ್ಳಿಬಿಡುತ್ತದೆ. ಫೈಬರಿನಿಂದ ಮೊಬೈಲ್ ಹಾಟ್‌ಸ್ಪಾಟಿಗೆ ಹಾರಿದಾಗ ಇದು ಇನ್ನೂ ಹೆಚ್ಚು.

ಸೇರಿಕೊಂಡ ಮೇಲೆ 11:10ರ ಕ್ಯಾಂಡಲಿನ ಕೆಳಗೆ ವಾಲ್ಯೂಮ್ ನೋಡಿ. ಫೀಡಿನಲ್ಲಿ ಬರುವುದು ಬೆಳಗಿನಿಂದ ಆದ ಒಟ್ಟು ವಾಲ್ಯೂಮ್. ಹಿಂದಿನ ಒಟ್ಟನ್ನು ಈಗಿನದರಿಂದ ಕಳೆದು ಸಾಫ್ಟ್‌ವೇರ್ ನಿಮಿಷದ ವಾಲ್ಯೂಮ್ ಕಟ್ಟುತ್ತದೆ. ಹತ್ತು ನಿಮಿಷ ಏನೂ ಬಾರದೆ ಒಮ್ಮೆಲೇ ಬಂದರೆ ಆ ಹತ್ತು ನಿಮಿಷದ ಮಾಲೆಲ್ಲ ಒಂದೇ ಕ್ಯಾಂಡಲಿನ ತಲೆಗೆ. ಹಿಂದಿನ ಹತ್ತು ಜಾಗ ಬೋಳು, ಮುಂದೆ ಒಂದು ಬೃಹತ್ ಕಂಬ. ವಾಲ್ಯೂಮ್ ಒಮ್ಮೆಲೇ ಏರಿದ ಷೇರು ಹುಡುಕುವ ಬ್ರೇಕೌಟ್ ಸ್ಕ್ಯಾನ್ ಹಾಕಿದ್ದರೆ ಪಟ್ಟಿಯಲ್ಲಿರುವ ಎಲ್ಲ ಷೇರೂ ಒಟ್ಟಿಗೆ ಕೂಗುತ್ತವೆ. ಒಳ್ಳೆಯ ಫೀಡಾದರೆ ಸ್ವಲ್ಪ ಹೊತ್ತಿನಲ್ಲೇ ಬ್ಯಾಕ್‌ಫಿಲ್ (ಬಿಟ್ಟುಹೋದ ಡೇಟಾ) ತರಿಸಿಕೊಂಡು 11:00ರಿಂದ 11:09ರವರೆಗಿನ ಕ್ಯಾಂಡಲ್ ತುಂಬಿ, ಆ ಕಂಬವನ್ನು ಕುಗ್ಗಿಸುತ್ತದೆ. ಕಳಪೆಯದ್ದು ತೂತು ತುಂಬಿ ಕಂಬವನ್ನು ಹಾಗೇ ಬಿಡುತ್ತದೆ, ದಿನದ ಒಟ್ಟು ವಾಲ್ಯೂಮ್ ಭಾವ್‌ಕಾಪಿಗಿಂತ ಹೆಚ್ಚಾಗುತ್ತದೆ. ಇನ್ನೊಂದು ಸೂಕ್ಷ್ಮ: ಫೀಡನ್ನು ಚಾರ್ಟ್ ಸಾಫ್ಟ್‌ವೇರಿಗೆ ಜೋಡಿಸುವ ಹಲವು ಪ್ಲಗಿನ್‌ಗಳು ಯಾವ ಷೇರಿನ ಚಾರ್ಟ್ ತೆರೆದಿದೆಯೋ ಅದಕ್ಕೆ ಮಾತ್ರ ಬ್ಯಾಕ್‌ಫಿಲ್ ತರುತ್ತವೆ. ಅಮಿಬ್ರೋಕರಿನ ಅನಾಲಿಸಿಸ್ ಕಿಟಕಿಯ ಸೆಟ್ಟಿಂಗಿನಲ್ಲಿ 'ವೇಟ್ ಫಾರ್ ಬ್ಯಾಕ್‌ಫಿಲ್' ಗುರುತು ಹಾಕದಿದ್ದರೆ ಸ್ಕ್ಯಾನ್ ತೂತು ಬಿದ್ದ ಡೇಟಾದ ಮೇಲೇ ಓಡುತ್ತದೆ.

ಬೋನಸ್, ಸ್ಪ್ಲಿಟ್ ಹೊಂದಿಕೆ ನೋಡಲು ರಿಲಯನ್ಸ್ ಸುಲಭ ಉದಾಹರಣೆ. 2024ರ ಅಕ್ಟೋಬರ್ 28ರಂದು ಒಂದಕ್ಕೊಂದು ಬೋನಸ್ ಪ್ರಕಾರ ಬೆಲೆ ಅರ್ಧವಾಯಿತು. ಚಾರ್ಟಿನಲ್ಲಿ ಅಲ್ಲಿ ಕಡಿದ ಪ್ರಪಾತ ಕಂಡರೆ ಆ ಇತಿಹಾಸ ಹೊಂದಿಸಿದ್ದಲ್ಲ, ಬ್ಯಾಕ್‌ಟೆಸ್ಟಿಗೆ (ಹಳೆಯ ಡೇಟಾದ ಮೇಲೆ ಟ್ರೇಡಿಂಗ್ ತಂತ್ರ ಓಡಿಸಿ ನೋಡುವುದಕ್ಕೆ) ಬರುವುದಿಲ್ಲ. ದಿನದ ಡೇಟಾ ಹೊಂದಿಸಿ ನಿಮಿಷದ ಡೇಟಾ ಹಾಗೇ ಬಿಟ್ಟಿರುವುದೂ ಉಂಟು, ಎರಡನ್ನೂ ನೋಡಿ. ನಿಫ್ಟಿ ಸೂಚ್ಯಂಕಕ್ಕೆ ಸ್ವಂತ ವಾಲ್ಯೂಮ್ ಇಲ್ಲ, ಹಾಗಾಗಿ ವಿಡಬ್ಲ್ಯೂಎಪಿ (ವಾಲ್ಯೂಮ್ ತೂಕದ ಸರಾಸರಿ ಬೆಲೆ) ಬೇಕಾದವರು ಫ್ಯೂಚರ್ಸಿನ ಮೇಲೆ ಹಾಕಿಕೊಳ್ಳಬೇಕು.

ಸಿಂಬಲ್ ಮಿತಿಯೂ, ಅಂದರೆ ಒಮ್ಮೆಗೆ ಎಷ್ಟು ಷೇರು ಅಥವಾ ಒಪ್ಪಂದದ ಬೆಲೆ ಬರುತ್ತದೆ ಎಂಬುದೂ, ಮೋಸ ಮಾಡುತ್ತದೆ. 'ನೂರು ಸಿಂಬಲ್' ಕೇಳಲು ಜಾಸ್ತಿ ಅನಿಸುತ್ತದೆ. ನಿಫ್ಟಿ ಆಪ್ಷನ್ಸಿನಲ್ಲಿ ನಡುವಿನ ಸ್ಟ್ರೈಕ್ (ಒಪ್ಪಂದದ ಬೆಲೆ), ಮೇಲೆ ಹತ್ತು, ಕೆಳಗೆ ಹತ್ತು ಹಿಡಿದು ಕಾಲ್-ಪುಟ್ (ಕೊಳ್ಳುವ ಹಕ್ಕು, ಮಾರುವ ಹಕ್ಕು) ಎರಡನ್ನೂ ತೆಗೆದುಕೊಂಡರೆ ಒಂದೇ ಎಕ್ಸ್‌ಪೈರಿಗೆ (ಒಪ್ಪಂದ ಮುಗಿಯುವ ದಿನ) 42 ಆಯಿತು. 2025ರ ಸೆಪ್ಟೆಂಬರಿನಿಂದ ನಿಫ್ಟಿ ಎಕ್ಸ್‌ಪೈರಿ ಮಂಗಳವಾರಕ್ಕೆ ಬಂದಿದೆ. ಹೊಸ ವಾರದ ಸಿಂಬಲ್ ಸೇರಿಸುವ ಕೆಲಸ ಆ ಸಂಜೆಯೇ ಮುಗಿಸಿ, ಬುಧವಾರ 9:14ಕ್ಕೆ ಹುಡುಕಾಡಬೇಡಿ. ಬೆಲೆಪಟ್ಟಿಯಲ್ಲಿ ಎನ್‌ಎಸ್‌ಇ ಷೇರು, ಫ್ಯೂಚರ್ಸ್-ಆಪ್ಷನ್ಸ್, ಬಿಎಸ್‌ಇ (ಮುಂಬೈ ಷೇರುಪೇಟೆ), ಎಂಸಿಎಕ್ಸ್ (ಸರಕು ವಿನಿಮಯ ಪೇಟೆ) ಒಂದೊಂದೂ ಬೇರೆ ಬಾಬ್ತು, ಮೇಲೆ ಶೇಕಡಾ 18 ಜಿಎಸ್‌ಟಿ. ಸೆನ್ಸೆಕ್ಸ್ ಆಪ್ಷನ್ ಆಡುವವರು ಬಿಎಸ್‌ಇ ಸೇರಿದೆಯೇ ಎಂದು ಕೇಳದೆ ದುಡ್ಡು ಕಟ್ಟಬಾರದು. ಟೆಲಿಗ್ರಾಮಿನಲ್ಲಿ ಸಿಗುವ 'ಫ್ರೀ ಡೇಟಾ'ದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಬ್ರೋಕರ್ ಚಾರ್ಟಿನಿಂದ ಕದ್ದ ಮಾಲು, ಅದರ ಜೊತೆ ಬರುವ ಕ್ರ್ಯಾಕ್ ಸಾಫ್ಟ್‌ವೇರನ್ನು ಬ್ರೋಕರ್ ಪಾಸ್‌ವರ್ಡ್ ಇರುವ ಯಂತ್ರಕ್ಕೆ ಹಾಕುವುದು ಮೂರ್ಖತನ.

ಚಾರ್ಟ್ ಸಾಫ್ಟ್‌ವೇರಿನಲ್ಲಿ ಆಯ್ಕೆ ಕೊನೆಗೆ ಎರಡಕ್ಕೆ ಇಳಿಯಿತು. ಟ್ರೇಡಿಂಗ್‌ವ್ಯೂ ಬ್ರೌಸರಿನಲ್ಲೇ ಓಡುತ್ತದೆ, ಫೀಡ್ ಅದರೊಳಗೇ ಇದೆ, ಹೊರಗಿನ ಫೀಡ್ ಜೋಡಿಸಲಿಕ್ಕೆ ಬಾರದು. ಅದರ ದೊಡ್ಡ ಗುಣ, ಅಲರ್ಟ್ ಅವರ ಸರ್ವರಿನಲ್ಲಿ ಓಡುತ್ತದೆ. ಮನೆಯಲ್ಲಿ ಕರೆಂಟು, ಫೈಬರ್ ಎರಡೂ ಹೋಗಿದ್ದರೂ ಫೋನಿಗೆ ಸಿಗ್ನಲ್ ಇದ್ದರೆ ಗಂಟೆ ಬಾರಿಸುತ್ತದೆ. ಮಳೆಗಾಲಕ್ಕೆ ಇದೊಂದೇ ಕಾರಣ ಸಾಕು. ಕೊರತೆ ಇತಿಹಾಸದ್ದು: ಉಚಿತ ಖಾತೆಯಲ್ಲಿ 5,000 ಕ್ಯಾಂಡಲ್, ನಿಮಿಷದ ಚಾರ್ಟಿನಲ್ಲಿ ಅದು 13 ದಿನ. ಪ್ರೀಮಿಯಮ್ಮಿನ 20,000 ಆದರೂ 53 ದಿನ. ಬ್ಯಾಕ್‌ಟೆಸ್ಟ್ ಮಾಡುವವರಿಗೆ ಸಾಲದು.

ಅಂಥವರಿಗೆ ಅಮಿಬ್ರೋಕರ್. ಬಾಡಿಗೆಯಿಲ್ಲ, ಲೈಸೆನ್ಸ್ ಒಮ್ಮೆ ಕೊಂಡರಾಯಿತು, ವಿಂಡೋಸ್ ಮಾತ್ರ. ಸ್ಟ್ಯಾಂಡರ್ಡ್ ಆವೃತ್ತಿ ಒಂದು ನಿಮಿಷಕ್ಕಿಂತ ಕೆಳಗೆ ಇಳಿಯುವುದಿಲ್ಲ, ಲೈವ್ ಕೋಟ್ ಕಿಟಕಿಯಲ್ಲಿ ಹತ್ತೇ ಷೇರು. ಟಿಕ್ ಮತ್ತು ಸೆಕೆಂಡಿನ ಕ್ಯಾಂಡಲ್ ಬೇಕಾದರೆ ಪ್ರೊಫೆಷನಲ್. ಡೇಟಾ ನಿಮ್ಮ ಡಿಸ್ಕಿನಲ್ಲೇ ಕೂರುತ್ತದೆ. ಒಂದು ಕ್ಯಾಂಡಲಿಗೆ 40 ಬೈಟ್ ಲೆಕ್ಕದಲ್ಲಿ ಇನ್ನೂರು ಷೇರಿನ ಎರಡು ವರ್ಷದ ನಿಮಿಷದ ಡೇಟಾ ಒಂದೂವರೆ ಜಿಬಿ ಆಸುಪಾಸು, ಎಸ್‌ಎಸ್‌ಡಿ ಇದ್ದರೆ ಸಾಕು. ಡೇಟಾಬೇಸ್ ಮಾಡುವಾಗ ಲೋಕಲ್ ಸ್ಟೋರೇಜ್ ಎನೇಬಲ್ ಎಂದಿರಲಿ, ಬಾರ್‌ಗಳ ಸಂಖ್ಯೆ ದೊಡ್ಡದಿರಲಿ, ಬೇಸ್ ಇಂಟರ್ವಲ್ ಒಂದು ನಿಮಿಷ ಇರಲಿ. ಬೇಸ್ ಇಂಟರ್ವಲ್ ಐದು ನಿಮಿಷ ಕೊಟ್ಟರೆ ಅದರಿಂದ ಮೂರು ನಿಮಿಷದ ಚಾರ್ಟ್ ಹುಟ್ಟುವುದಿಲ್ಲ. ಗಂಟೆಯ ಚಾರ್ಟ್ ನೋಡುವವರು ಇನ್ನೊಂದು ಗಮನಿಸಿ: 9:15ರಿಂದ ಎಣಿಸಿದರೆ ಕೊನೆಯ ಕ್ಯಾಂಡಲ್ ಹದಿನೈದೇ ನಿಮಿಷದ್ದು, ಗಡಿಯಾರದ ಗಂಟೆ ಹಿಡಿದರೆ ಮೊದಲನೆಯದು ಮೋಟು. ಎರಡು ಸಾಫ್ಟ್‌ವೇರಿನಲ್ಲಿ ಆರ್‌ಎಸ್‌ಐ (ಬೆಲೆಯ ಏರಿಳಿತದ ಬಲ ಅಳೆಯುವ ಸೂಚಕ) ಬೇರೆಯಾಗುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಚಾರ್ಟಿನಿಂದಲೇ ಎಪಿಐ ಮೂಲಕ ಆರ್ಡರ್ ಕಳಿಸುವ ಆಸೆಯಿದ್ದರೆ ಸೆಬಿಯ 2025ರ ಫೆಬ್ರವರಿ ಸುತ್ತೋಲೆ ಸ್ಥಿರ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಕೇಳುತ್ತದೆ. ಮನೆಯ ಫೈಬರಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಬೇರೆ ದುಡ್ಡು ಕೊಟ್ಟು ಪಡೆಯಬೇಕು, ಹಾಟ್‌ಸ್ಪಾಟಿಗೆ ಹಾರಿದ ಕೂಡಲೇ ಅದು ಕೈಬಿಡುತ್ತದೆ. ಬರೀ ಚಾರ್ಟ್ ನೋಡುವವರಿಗೆ ಈ ತಲೆನೋವಿಲ್ಲ.

ಚಾರ್ಟ್ ನಿಂತಾಗ ನೋಡುವ ಕ್ರಮವನ್ನೂ ಕಂಪ್ಯೂಟರ್ ಪಕ್ಕ ಬರೆದು ಅಂಟಿಸಿ: ಮೊದಲು ಪಿಂಗ್ ಕಿಟಕಿ, ಆಮೇಲೆ ವೈಫೈ ಆಫ್ ಮಾಡಿದ ಫೋನಿನಲ್ಲಿ ಬ್ರೋಕರ್ ಆ್ಯಪ್, ಅದೂ ನಿಂತಿದ್ದರೆ ಎಕ್ಸ್‌ಚೇಂಜಿನ ಪ್ರಕಟಣೆ. 2021ರ ಫೆಬ್ರವರಿ 24ರಂದು ಎನ್‌ಎಸ್‌ಇ ಬೆಳಿಗ್ಗೆ 11:40ಕ್ಕೆ ವಹಿವಾಟನ್ನೇ ನಿಲ್ಲಿಸಿ 3:45ಕ್ಕೆ ಮತ್ತೆ ತೆರೆದು 5 ಗಂಟೆಯವರೆಗೆ ನಡೆಸಿತ್ತು. ಅಂಥ ದಿನ ರೂಟರ್ ರೀಸ್ಟಾರ್ಟ್ ಮಾಡುತ್ತ ಕೂತರೆ ಪ್ರಯೋಜನವಿಲ್ಲ. ಬ್ರೋಕರಿನ ಫೋನ್ ಮೂಲಕ ಆರ್ಡರ್ ಹಾಕುವ ನಂಬರ್ ಕೂಡ ಅದೇ ಚೀಟಿಯಲ್ಲಿರಲಿ.

ವಾರ್ಷಿಕ ಪ್ಲಾನಿಗೆ ರಿಯಾಯಿತಿ ಕೊಡುತ್ತಾರೆ, ಮೊದಲೇ ಅದಕ್ಕೆ ಹೋಗಬೇಡಿ. ಜುಲೈ ತಿಂಗಳಿಗೆ ಮಾಸಿಕ ಪ್ಲಾನ್ ತೆಗೆದುಕೊಂಡು, ವಾರಕ್ಕೊಮ್ಮೆ 375 ಎಣಿಸಿ, ಬೆಳಿಗ್ಗೆ 9:20ಕ್ಕೆ ಸಪೋರ್ಟ್ ನಂಬರಿಗೆ ಫೋನ್ ಮಾಡಿ ಯಾರಾದರೂ ಎತ್ತುತ್ತಾರೋ ನೋಡಿ. ಎತ್ತಿದರೆ ಆಗಸ್ಟಿನಲ್ಲಿ ವರ್ಷದ್ದು ಕಟ್ಟಬಹುದು.